ನಾಲ್ಕನೇ ಮಹಡಿಯ ಮೊಳೆ

ಮಾರ್ಚ್ ೩

ಗುಂಡಿ ಮೇಸ್ತ್ರಿಯವರಿಗೆ,

"ಭಾವ" ಎಂದು ಬರೆಯಲು ಕೈ ಏಳುತ್ತಿಲ್ಲ. ಅದಕ್ಕೇ ವಾಚ್‌ಮನ್‌ಗಳು ನಿಮಗಿಟ್ಟ ಹೆಸರಿನಲ್ಲೇ ಕರೆದಿದ್ದೇನೆ. ಇಪ್ಪತ್ತೆರಡು ವರ್ಷ ಒಟ್ಟಿಗೆ ಲಿಫ್ಟ್ ರಿಪೇರಿ ಮಾಡಿದ್ದೇವೆ. ಕೆಳಗೆ ಲಿಫ್ಟಿನ ತಳದ ಗುಂಡಿಗೆ ಇಳಿಯುವವರು ನೀವು, ಮೇಲೆ ಮೋಟಾರ್ ಕೋಣೆಯಲ್ಲಿ ಸ್ವಿಚ್ ನೋಡಿಕೊಳ್ಳುವ ಮಾಳಿಗೆ ಮೇಸ್ತ್ರಿ ನಾನು. ಈ ಕಾಗದವನ್ನು ನಿಮ್ಮ ಸ್ಪಾನರ್ ಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತಿದ್ದೇನೆ. ಮೊನ್ನೆ ಭಾನುವಾರದ ಮೇಲೆ ನಿಮ್ಮ ಮುಖ ನೋಡಿ ಮಾತಾಡಲು ನನಗೆ ಮನಸ್ಸಿಲ್ಲ.

ನನ್ನ ಮನೆಯ ಊಟದ ಮೇಜಿನಲ್ಲಿ ಕೂತು, ನನ್ನ ಹೆಂಡತಿಯ ಎದುರಿಗೇ ನನ್ನನ್ನು "ಕೊಲೆಗಡುಕರ ವಕೀಲ" ಅಂದಿರಿ. ಅವಳು ನಿಮ್ಮ ಒಡಹುಟ್ಟಿದ ತಂಗಿ ಎಂಬುದೂ ನಿಮಗೆ ನೆನಪಾಗಲಿಲ್ಲ. ನಾನು ಕೇಳಿದ್ದು ಒಂದೇ ಮಾತು: ಆ ದೂರದೇಶದ ಯುದ್ಧದಲ್ಲಿ ಬೆಟ್ಟದವರು ಕಡಲಿನವರ ಆಸ್ಪತ್ರೆಗೆ ಬೆಂಕಿ ಹಚ್ಚಿದ್ದು ಸರಿಯೇ? ಅದಕ್ಕೆ ನೀವು, "ಅನುಭವಿಸ್ಲಿ ಬಿಡು, ಶುರು ಮಾಡಿದ್ದು ಯಾರು?" ಅಂದಿರಿ. ಮಂಚದಲ್ಲಿ ಮಲಗಿದ್ದ ರೋಗಿ ಯಾವ ಯುದ್ಧ ಶುರು ಮಾಡಿದ್ದ, ಹೇಳಿ? ನಿಮ್ಮ ಬಾಯಲ್ಲಿ ಆ ಮಾತು ಕೇಳಿ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆದರೆ ಕೆಲಸ ನಿಲ್ಲುವಂತಿಲ್ಲ. ಆರು ಕಟ್ಟಡ, ಒಂದೊಂದೂ ಎಂಟು ಮಹಡಿ, ಲಿಫ್ಟ್ ಕೆಟ್ಟರೆ ಮುದುಕರು ಮನೆಯಲ್ಲೇ ಬಂದಿ. ಆದ್ದರಿಂದ ಕೀಲಿಗೆ ಒಂದು ಏರ್ಪಾಡು ಮಾಡಿದ್ದೇನೆ. ಇದುವರೆಗೆ ನಾನು ಮೇನ್ ಸ್ವಿಚ್ಚಿಗೆ ಬೀಗ ಹಾಕುತ್ತಿದ್ದೆ, ಕೀಲಿಯನ್ನು ನೀವು ಜೇಬಿನಲ್ಲಿಟ್ಟುಕೊಂಡು ಗುಂಡಿಗೆ ಇಳಿಯುತ್ತಿದ್ದಿರಿ. ಕೆಲಸ ಮುಗಿಸಿ ಎಂಟು ಮಹಡಿ ಮೆಟ್ಟಿಲು ಹತ್ತಿ ಬಂದು ನನ್ನ ಕೈಗೇ ಕೊಡುತ್ತಿದ್ದಿರಿ. ನಾನು "ಗುಂಡೀಲಿ ಯಾರು?" ಎಂದು ಕೇಳುವುದು, ನೀವು ಏದುಸಿರು ಬಿಡುತ್ತ "ನಿಮ್ಮ ತಾತ" ಎಂದೋ "ಹೆಗ್ಗಣ ಮತ್ತು ಅದರ ಬಳಗ" ಎಂದೋ ದಿನಕ್ಕೊಂದು ಉತ್ತರ ಕೊಡುವುದು. ನಮ್ಮ ಹಳೇ ಮೇಸ್ತ್ರಿ ಹಾಕಿಕೊಟ್ಟ ಪದ್ಧತಿ. ಇನ್ನು ಮೇಲೆ ಅದು ಬೇಡ.

ಪ್ರತಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಬೆಂಕಿ ಆರಿಸುವ ಪೈಪಿನ ಪೆಟ್ಟಿಗೆಯ ಪಕ್ಕ ಒಂದು ಮೊಳೆ ಹೊಡೆದಿದ್ದೇನೆ. ನೀವು ಹೊರಗೆ ಬಂದ ಮೇಲೆ ಕೀಲಿಯನ್ನು ಅಲ್ಲಿ ತೂಗುಹಾಕಿ ಹೋಗಿ. ನಾನು ಇಳಿದು ಬಂದು ತೆಗೆದುಕೊಳ್ಳುತ್ತೇನೆ. ಕೀಲಿ ಮೊಳೆಯ ಮೇಲಿದ್ದರೆ ಗುಂಡಿ ಖಾಲಿ ಎಂದು ಅರ್ಥ. ಇಬ್ಬರಿಗೂ ನಾಲ್ಕು ನಾಲ್ಕು ಮಹಡಿ, ಯಾರಿಗೂ ಅನ್ಯಾಯವಿಲ್ಲ.

ಇಂತಿ,
ಮಾಳಿಗೆ ಮೇಸ್ತ್ರಿ


ಮಾರ್ಚ್ ೪

ಮಹಾಮಹಿಮ ಮಾಳಿಗೆ ಮೇಸ್ತ್ರಿಯವರ ಸನ್ನಿಧಾನಕ್ಕೆ,

ತಮ್ಮ ಅಪ್ಪಣೆ ತಲುಪಿತು. ಮೊಳೆಗಳನ್ನೂ ನೋಡಿದೆ. ಮೂರನೇ ಕಟ್ಟಡದ್ದು ಸೊಟ್ಟಗಿದೆ, ತಮ್ಮ ವಾದದ ಹಾಗೆ. ನನ್ನ ಮೊಣಕಾಲಿಗೆ ಸಲಕ್ಕೆ ನಾಲ್ಕು ಮಹಡಿ ಉಳಿಯಿತು. ಈ ಯುದ್ಧದಿಂದ ಲೋಕಕ್ಕೆ ಆದ ಉಪಕಾರ ಇದೊಂದೇ ಇರಬೇಕು.

"ಅನುಭವಿಸ್ಲಿ" ಅಂದೆ, ಹೌದು. ಅದಕ್ಕೆ ಐದು ನಿಮಿಷ ಮುಂಚೆ ತಾವೇನು ಅಂದಿರಿ, ಅದನ್ನೂ ಬರೆಯಬೇಕಿತ್ತು. ಬೆಟ್ಟದವರ ಶಾಲೆಯ ಮೇಲೆ ಬಾಂಬು ಬಿದ್ದ ಫೋಟೊ ತೋರಿಸಿದೆ. ಸಾಲಾಗಿ ಮಕ್ಕಳ ಚಪ್ಪಲಿ. ತಾವು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದೆಲ್ಲ ನಾಟ್ಕ ಭಾವ, ಚಪ್ಪಲಿ ಜೋಡ್ಸಿಟ್ಟಿದಾರೆ" ಅಂದಿರಿ. ಎರಡು ಮಕ್ಕಳ ತಂದೆ ನೀನು! ಆ ಮಾತು ಆಡಿದ ಬಾಯಿಗೆ ಅನ್ನ ಇಳಿಯಲಿಲ್ಲವಂತೆ. ನನಗೆ ಮೂರು ದಿನದಿಂದ ನಿದ್ದೆ ಇಲ್ಲ.

ಕೀಲಿ ಮೊಳೆಯ ಮೇಲಿರುತ್ತದೆ. ನನ್ನ ದನಿ ತಮ್ಮ ಕಿವಿಗೆ ಬೀಳುವುದಿಲ್ಲ.

ಗುಂಡಿ ಮೇಸ್ತ್ರಿ


ಏಪ್ರಿಲ್ ೨೧

ಅಣ್ಣನಿಗೆ, ಆಸ್ಪತ್ರೆಯ ಮಂಚಕ್ಕೆ. ಇವರಿಗೆ, ನಮ್ಮ ಮನೆಯ ಊಟದ ಮೇಜಿಗೆ.

ಕಾರ್ಬನ್ ಹಾಳೆ ಇಟ್ಟು ಒಂದೇ ಕಾಗದವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಒಬ್ಬರಿಗೆ ಒಂದು ಅಕ್ಷರ ಹೆಚ್ಚು ಸಿಕ್ಕಿತು ಎಂದು ಇನ್ನೊಬ್ಬರು ಅದಕ್ಕೂ ಒಂದು ಪಕ್ಷ ಕಟ್ಟಬಾರದು ನೋಡಿ. ಮೇಲಿನ ಪ್ರತಿ ಯಾರಿಗೆ, ಕೆಳಗಿನದು ಯಾರಿಗೆ ಎಂದು ಚೀಟಿ ಎತ್ತಿ ನಿರ್ಧರಿಸಿದ್ದೇನೆ.

ಆಗಿದ್ದನ್ನು ಸರಿಯಾಗಿ ಬರೆದಿಡುತ್ತೇನೆ, ಏಕೆಂದರೆ ಕಟ್ಟಡದ ಜನ ಆಗಲೇ ಹತ್ತು ಥರ ಹೇಳುತ್ತಿದ್ದಾರೆ. ಹದಿನಾರನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣ ಮೂರನೇ ಕಟ್ಟಡದ ಗುಂಡಿಯ ಕೆಲಸ ಮುಗಿಸಿ, ನಾಲ್ಕನೇ ಮಹಡಿಗೆ ಹತ್ತಿ, ಕೀಲಿಯನ್ನು ಮೊಳೆಗೆ ಹಾಕಿದ. ಕೆಳಗೆ ಹೋದ ಮೇಲೆ ಟಾರ್ಚ್ ಗುಂಡಿಯಲ್ಲೇ ಉಳಿದದ್ದು ನೆನಪಾಗಿ ಮತ್ತೆ ಇಳಿದ. ಇವರು ಮೊಳೆಯ ಮೇಲೆ ಕೀಲಿ ನೋಡಿದರು, ತೆಗೆದುಕೊಂಡರು, ಮೇಲೆ ಹೋಗಿ ಸ್ವಿಚ್ ಹಾಕಿದರು. ಕೆಳಗೆ ಯಾರೋ ಬಟನ್ ಒತ್ತಿದರು. ಅಣ್ಣ ಮೂಲೆಗೆ ಒತ್ತಿಕೊಂಡ, ಆದರೆ ಬಲಗೈ ತಳದ ದಪ್ಪ ಸ್ಪ್ರಿಂಗಿನ ಮೇಲಿತ್ತು. ಲಿಫ್ಟ್ ಬಂದು ಅದರ ಮೇಲೆ ಕೂತಿತು. ಮೂರು ಬೆರಳು ಹೋದವು.

ಇಷ್ಟೇ ಆಗಿದ್ದು. ನಾನು ಮಕ್ಕಳಿಗೆ ಭೂಗೋಳ ಹೇಳಿಕೊಡುವವಳು. ಫೆಬ್ರವರಿಯಲ್ಲಿ ನೀವಿಬ್ಬರೂ ಕೂಗಾಡುತ್ತಿದ್ದಾಗ ಗೋಡೆಗೆ ಭೂಪಟ ಹಾಕಿ, ಆ ಯುದ್ಧ ಎಲ್ಲಿ ನಡೆಯುತ್ತಿದೆ ತೋರಿಸಿ ಅಂದೆ. ಅಣ್ಣ ಒಂದು ಕಡೆ ಬೆರಳಿಟ್ಟ, ಇವರು ಇನ್ನೊಂದು ಕಡೆ ಇಟ್ಟರು. ಎರಡೂ ಸಮುದ್ರದಲ್ಲಿದ್ದವು. ಆಗ ನಕ್ಕಿದ್ದೆ. ಈಗ ನನಗೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ, ನಾಳೆ ಪಾಠ ಮಾಡುವಾಗ ಆ ಭೂಪಟವನ್ನು ಹರಿದುಹಾಕದಿದ್ದರೆ ಸಾಕು.

ಅಲ್ಲಿ ಸಾಯುವವರ ಬಗ್ಗೆ ನಿಮಗೆ ಸಂಕಟವಾಯಿತು, ಸರಿ. ಸಂಕಟವಾಗದಿದ್ದರೆ ಮನುಷ್ಯರೇ ಅಲ್ಲ. ಆದರೆ ಆ ಸಂಕಟವನ್ನು ತೆಗೆದುಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಒಬ್ಬರ ತಲೆಗೊಬ್ಬರು ಹೊಡೆದುಕೊಂಡಿರಿ. ಇಪ್ಪತ್ತೆರಡು ವರ್ಷದ ಕೆಲಸದ ಪದ್ಧತಿಯನ್ನು ಒಂದು ಮೊಳೆಗೆ ನೇತುಹಾಕಿದಿರಿ. ಒಂದು ಮಾತು, "ಟಾರ್ಚ್ ಮರ್ತೆ" ಅನ್ನುವ ಒಂದು ಮಾತು ಇಬ್ಬರ ನಡುವೆ ಓಡಾಡಿದ್ದರೆ ಸಾಕಿತ್ತು.

ಇನ್ನು ನಾನು ಇಬ್ಬರ ಮಧ್ಯೆ ಸುದ್ದಿ ಹೊರುವ ಕೆಲಸ ಮಾಡುವುದಿಲ್ಲ. ಹೇಳುವುದಿದ್ದರೆ ನೀವೇ ಹೇಳಿಕೊಳ್ಳಿ.

ನಿನ್ನ ತಂಗಿ / ನಿಮ್ಮ ಹೆಂಡತಿ
(ನಿಮಗೆ ಬೇಕಾದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಹೊಡೆದುಹಾಕಿ)


ಮೇ ೯

ಮಾಳಿಗೆ ಮೇಸ್ತ್ರಿಗೆ,

ಎಡಗೈಯಲ್ಲಿ ಬರೆದದ್ದು. ಅಕ್ಷರ ಕೋಳಿ ಕೆದಕಿದ ಹಾಗಿದೆ. ನಗಬೇಡ, ನಗುವ ಹಕ್ಕು ನಿನಗಿಲ್ಲ. ಈ ಒಂದು ಪುಟಕ್ಕೆ ನನಗೆ ಎರಡು ದಿನ ಹಿಡಿಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವನ್ನಾದರೆ ಮುಗಿಯುವ ತನಕ ಓದಲೇಬೇಕು.

ಬೆಟ್ಟದವರ ಪರ ಇಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದಾರಲ್ಲ, ಮೊನ್ನೆ ಅವರ ಐದು ಜನ ಹೂಗುಚ್ಛ ಹಿಡಿದು ವಾರ್ಡಿಗೆ ಬಂದರು. ಸಂಘದ ಅಧ್ಯಕ್ಷನಂತೆ, ಇಸ್ತ್ರಿ ಹಾಕಿದ ಅಂಗಿ. ನೋವು ಹೇಗಿದೆ ಎಂದು ಒಬ್ಬನೂ ಕೇಳಲಿಲ್ಲ. ಮೊದಲು ಫೋಟೊ. "ಬ್ಯಾಂಡೇಜು ಸರಿಯಾಗಿ ಕಾಣ್ಲಿ, ಸ್ವಲ್ಪ ಮೇಲೆತ್ತಿ" ಅಂದ. ಅಂದವನಿಗೆ ಕೆನ್ನೆಗೆ ಕೊಡಬೇಕಿತ್ತು, ಕೊಡುವ ಕೈಯೇ ಬ್ಯಾಂಡೇಜಿನೊಳಗಿತ್ತು.

ಆಮೇಲೆ ಟೈಪ್ ಮಾಡಿದ ದೂರು ತೆಗೆದರು. ಅದರಲ್ಲಿ ನನ್ನ ಹೆಸರಿದೆ, ನಿನ್ನ ಹೆಸರಿದೆ. ನೀನು ಕಡಲಿನವರ ಪರ ಎಂಬ ದ್ವೇಷಕ್ಕೆ ಬೇಕೆಂದೇ ಸ್ವಿಚ್ ಹಾಕಿದೆ ಎಂದು ಬರೆದಿದೆ. ನಾನು ಸಹಿ ಹಾಕಿದರೆ ಸಾಕಂತೆ. ನಿನ್ನ ಲೈಸೆನ್ಸ್ ಹೋಗುತ್ತದೆ, ಪೊಲೀಸರೂ ಬರುತ್ತಾರೆ. ಜೂನ್ ಹನ್ನೆರಡಕ್ಕೆ ಲಿಫ್ಟ್ ಇನ್‌ಸ್ಪೆಕ್ಟರ್ ವಿಚಾರಣೆ ಮಾಡುತ್ತಾನೆ, ಅಷ್ಟರೊಳಗೆ ಕೊಡಬೇಕಂತೆ. "ನಿಮ್ಮ ಕೈ ನಮ್ಮ ಹೋರಾಟಕ್ಕೆ ಬಲ" ಅಂದ ಅಧ್ಯಕ್ಷ. ನನ್ನ ಕೈಯಿಂದ ನನಗೆ ಒಂದು ಲೋಟ ಎತ್ತಲಾಗುತ್ತಿಲ್ಲ, ಇವರ ಹೋರಾಟಕ್ಕೆ ಅದು ಬಲವಂತೆ!

ನಾನು ಸಹಿ ಹಾಕಲಿಲ್ಲ. ಹರಿದೂ ಹಾಕಲಿಲ್ಲ. ದಿಂಬಿನ ಕೆಳಗಿದೆ.

ಯಾಕೆ ಹರಿಯಲಿಲ್ಲ ಕೇಳು. ಇಪ್ಪತ್ತಮೂರು ದಿನವಾಯಿತು, ನೀನು ಒಂದು ಸಲ ಬಂದು ನನ್ನನ್ನು ನೋಡಿಲ್ಲ. ಪಕ್ಕದ ಮಂಚದ ಮೂಳೆ ಮುರಿದವನ ಸೋದರಮಾವ ಕೂಡ ನನಗೆ ಕಿತ್ತಳೆ ಸುಲಿದು ಕೊಟ್ಟ. ನೀನು ಬರಲಿಲ್ಲ. ಮಲಗಿದಲ್ಲಿ ಯೋಚನೆ ಎಲ್ಲೆಲ್ಲಿಗೋ ಹೋಗುತ್ತದೆ. ಆದ್ದರಿಂದ ನೇರವಾಗಿ ಕೇಳುತ್ತೇನೆ, ನೀನೂ ನೇರವಾಗಿ ಹೇಳು. ಬೇಕೆಂದೇ ಮಾಡಿದೆಯಾ?

ಗುಂಡಿ ಮೇಸ್ತ್ರಿ


ಮೇ ೧೩

ಭಾವ,

ಇಲ್ಲ.

ಈ ಒಂದು ಮಾತು ಬರೆದು ಪೆನ್ನು ಇಟ್ಟುಬಿಡಬೇಕು ಅನ್ನಿಸಿತ್ತು. ನೀವು ಆ ಪ್ರಶ್ನೆ ಕೇಳಿದಿರಲ್ಲ, ಅದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮದುವೆಗೆ ಮುಂಚಿನಿಂದ ನಿಮ್ಮ ಜೀವ ದಿನಕ್ಕೆ ನಾಲ್ಕು ಸಲ ನನ್ನ ಕೈಯಲ್ಲಿರುತ್ತಿತ್ತು. ಒಂದು ಸಲವೂ ನೀವು ತಿರುಗಿ ನೋಡಿದವರಲ್ಲ. ಈಗ ಯಾವನೋ ಇಸ್ತ್ರಿ ಅಂಗಿಯವನು ಟೈಪ್ ಮಾಡಿ ತಂದ ಹಾಳೆ ದಿಂಬಿನ ಕೆಳಗೆ ಇಟ್ಟುಕೊಂಡು ನನ್ನನ್ನು ಕೇಳುತ್ತೀರಿ!

ಆಮೇಲೆ ಯೋಚಿಸಿದೆ. ಕೇಳಿದಿರಲ್ಲ, ಅದಾದರೂ ಆಯಿತು. ಮಾರ್ಚ್ ಮೂರರಿಂದ ಇದುವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಿರಲಿಲ್ಲ.

ನಾನು ಆಸ್ಪತ್ರೆಗೆ ಬಂದಿದ್ದೇನೆ. ಒಂಬತ್ತು ಸಲ. ವಾರ್ಡಿನ ಬಾಗಿಲವರೆಗೆ ಬಂದು, ನಿಮ್ಮ ಕಾಲು ಕಂಡ ಕೂಡಲೇ ವಾಪಸ್ ಹೋಗಿದ್ದೇನೆ. ಕೈ ನೋಡುವ ಧೈರ್ಯವಾಗಲಿಲ್ಲ. ನಂಬದಿದ್ದರೆ ಗೇಟಿನ ವಾಚ್‌ಮನ್ನನ್ನು ಕೇಳಿ, "ಬಂದ್ರಾ ಸರ್, ಹೊರಟ್ರಾ ಸರ್" ಎಂದು ಒಟ್ಟಿಗೆ ಹೇಳುವಷ್ಟು ಅಭ್ಯಾಸವಾಗಿದೆ ಅವನಿಗೆ.

ನಿಮ್ಮ ಹತ್ತಿರ ಬಂದವರು ನಿಮ್ಮ ಕೈಯ ಫೋಟೊ ತೆಗೆದರು. ನನ್ನ ಹತ್ತಿರ ಬಂದವರ ಕಥೆ ಕೇಳಿ. ಆಗಿ ಮೂರನೇ ದಿನ, ಎರಡನೇ ಕಟ್ಟಡದಲ್ಲಿ ಮೆಟ್ಟಿಲು ಇಳಿಯುತ್ತಿದ್ದೆ. ನಮ್ಮ ಕಡೆಯವನೇ ಒಬ್ಬ, ಕಡಲಿನವರ ಪರ ಸಭೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಬೆನ್ನು ತಟ್ಟಿ, ಸುತ್ತಮುತ್ತ ನೋಡಿ, ಮೆಲ್ಲಗೆ ಅಂದ: "ಶಭಾಷ್. ಬೆಟ್ಟದವ್ರ ಚೇಲಾಗೆ ಸರಿಯಾಗಿ ಮಾಡ್ದೆ."

ಭಾವ, ಅಷ್ಟು ವರ್ಷದಲ್ಲಿ ನಾನು ಯಾರ ಮೇಲೂ ಕೈ ಮಾಡಿದವನಲ್ಲ. ಅವತ್ತು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. "ಅವ್ರು ನನ್ನ ಭಾವ ಕಣೋ" ಎಂದು ಕಿರುಚಿದೆ. ಮಹಡಿ ಮಹಡಿಯಿಂದ ಜನ ಇಣುಕಿದರು. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮತ್ತೆ ಯಾಕಪ್ಪ ಅವರ ಹತ್ರ ಮಾತು ಬಿಟ್ಟಿದ್ದೆ?" ಎಂದು ಕೇಳಿದ. ಅವನ ಕೊರಳಪಟ್ಟಿ ಬಿಟ್ಟು ಕೆಳಗಿಳಿದೆ. ಆ ಪ್ರಶ್ನೆಯೇ ನನ್ನನ್ನು ಹೆಚ್ಚು ಸುಡುತ್ತಿದೆ.

ನಿಮ್ಮ ಚಪ್ಪಲಿಯ ಫೋಟೊ ಮತ್ತೆ ಹುಡುಕಿ ನೋಡಿದೆ. ನಾಟಕವಲ್ಲ. ಬೇರೆ ನಾಲ್ಕು ಕಡೆ ಬಂದಿದೆ, ಮಕ್ಕಳ ಹೆಸರುಗಳೂ ಇವೆ. ನಾನು ಆ ಮಾತು ಆಡಬಾರದಿತ್ತು. ಆಸ್ಪತ್ರೆ ಸುಟ್ಟದ್ದೂ ನಾಟಕವಲ್ಲ. ಅದನ್ನು ನೀವು ನೋಡಬೇಕು.

ಸಹಿ ಹಾಕಬೇಕು ಅನ್ನಿಸಿದರೆ ಹಾಕಿ. ಸ್ವಿಚ್ ಹಾಕಿದ ಕೈ ನನ್ನದೇ, ಅದಕ್ಕೆ ಏನು ಶಿಕ್ಷೆ ಬಂದರೂ ಬರಲಿ. "ಬೇಕೆಂದೇ" ಎನ್ನುವ ಮಾತನ್ನು ಮಾತ್ರ ನಿಮಗೆ ನಿಜವಾಗಿ ಹಾಗನ್ನಿಸಿದರೆ ಇರಿಸಿ. ಅವರು ಟೈಪ್ ಮಾಡಿದ್ದಾರೆ ಅಂತ ಇರಿಸಬೇಡಿ.

ನಿಮ್ಮ
ಮಾಳಿಗೆಯವನು


ಜೂನ್ ೧೦

ಮಾಳಿಗೆಯವನಿಗೆ,

ತಿಂಗಳಾಯಿತು ನಿನ್ನ ಕಾಗದ ಬಂದು. ಉತ್ತರ ಬರೆಯದಿದ್ದದ್ದು ಎಡಗೈಯ ದೆಸೆಯಿಂದಲ್ಲ.

ಮನೆಗೆ ಬಂದ ಮೇಲೆ ಟಿವಿ ಹಾಕಿರಲಿಲ್ಲ. ನಿನ್ನೆ ಹಾಕಿದೆ. ಆ ಯುದ್ಧದ ಒಂದು ಊರು ತೋರಿಸುತ್ತಿದ್ದರು. ಎಂಟು ಹತ್ತು ಮಹಡಿಯ ಕಟ್ಟಡ, ಪೂರಾ ಕುಸಿದು ರಾಶಿಯಾಗಿತ್ತು. ನಡುವೆ ಲಿಫ್ಟಿನ ಗೂಡು ಮಾತ್ರ ನೆಟ್ಟಗೆ ನಿಂತಿತ್ತು, ಒಂದು ಕಡೆ ಗೋಡೆ ಹೋಗಿ ಒಳಗೆಲ್ಲ ಕಾಣುತ್ತಿತ್ತು. ನಮ್ಮ ಥರದ್ದೇ ಕಂಬಿ. ನಮ್ಮ ಥರದ್ದೇ ಹಗ್ಗ, ಜೋತುಬಿದ್ದಿತ್ತು. ಯಾರೋ ಒಬ್ಬ ಮೇಸ್ತ್ರಿ ಆ ಕಂಬಿಗೆ ಎಣ್ಣೆ ಹಚ್ಚಿದ್ದ, ಹೊಸ ಎಣ್ಣೆ, ಬಿಸಿಲಿಗೆ ಹೊಳೆಯುತ್ತಿತ್ತು.

ಅದು ಬೆಟ್ಟದವರ ಊರೋ ಕಡಲಿನವರ ಊರೋ ಎಂದು ಕೆಳಗೆ ಬರೆದಿರುತ್ತಾರಲ್ಲ, ನಾನು ಓದಲಿಲ್ಲ. ಕಣ್ಣು ಸೀದಾ ಗುಂಡಿಗೆ ಹೋಯಿತು. ಅದು ಕಾಣಲಿಲ್ಲ, ಇಟ್ಟಿಗೆ ತುಂಬಿತ್ತು. ನನ್ನ ಬಾಯಿಂದ ತನ್ನಷ್ಟಕ್ಕೆ ಬಂತು, "ಗುಂಡೀಲಿ ಯಾರು?" ಎಂದು. ಜೋರಾಗಿಯೇ ಕೇಳಿದೆ. ಹಾಲ್‌ನಲ್ಲಿ ಒಬ್ಬನೇ ಕೂತು ಟಿವಿಯನ್ನು ಕೇಳಿದೆ. ಆಮೇಲೆ ಅಳು ಬಂತು. ಬೆರಳು ಹೋದಾಗಲೂ ಬಂದಿರಲಿಲ್ಲ.

ಈಗ ನನಗೆ ಯಾರ ಮೇಲೆ ಸಿಟ್ಟು ಎಂದು ಕೇಳಬೇಡ. ಬಾಂಬು ಹಾಕಿದವರ ಮೇಲೆ ಸಿಟ್ಟು, ಎರಡೂ ಕಡೆಯವರ ಮೇಲೆ. ಅಲ್ಲಿ ಸತ್ತವರನ್ನು ಇಲ್ಲಿ ತಂದು ತಮ್ಮ ಬೇಳೆ ಬೇಯಿಸಿಕೊಳ್ಳುವವರ ಮೇಲೆ ಸಿಟ್ಟು. ಅವರ ಮಾತು ಕೇಳಿಕೊಂಡು "ಅನುಭವಿಸ್ಲಿ" ಅಂದ ನನ್ನ ನಾಲಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು. ಆಸ್ಪತ್ರೆಯದನ್ನು ನೋಡು ಅಂದೆಯಲ್ಲ, ನೋಡಿದೆ. ತಿಂಗಳ ಕಾಲ ನಾನೂ ಅಂಥದೇ ಮಂಚದಲ್ಲಿ ಮಲಗಿದ್ದೆ. ಓಡು ಅಂದಿದ್ದರೆ ನಾನು ಎಲ್ಲಿಗೆ ಓಡುತ್ತಿದ್ದೆ?

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ, ತಂಗಿಗೂ ಹೇಳಿಲ್ಲ. ನಾಡಿದ್ದು ವಿಚಾರಣೆಯಲ್ಲಿ ಹೇಳುತ್ತೇನೆ, ಅದಕ್ಕೆ ಮುಂಚೆ ನಿನಗೆ ಗೊತ್ತಿರಲಿ.

ಅವತ್ತು ಕೀಲಿ ತೂಗುಹಾಕಿ ಕೆಳಗೆ ಬಂದು, ಟಾರ್ಚ್ ಇಲ್ಲವಲ್ಲ ಎಂದು ನೆನಪಾದಾಗ, ಮೊದಲು ಫೋನ್ ತೆಗೆದೆ. ನಿನಗೆ ಒಂದು ಮಾತು ಹೇಳಿ ಇಳಿಯೋಣ ಎಂದು. ನಿನ್ನ ಹೆಸರು ಬಂತು. ಬೆರಳು ಅದರ ಮೇಲೆ ಹೋಯಿತು. ಆಗ ಅನ್ನಿಸಿತು, ಇವನ ಹತ್ತಿರ ನಾನೇ ಮೊದಲು ಮಾತಾಡಬೇಕೇ? ಎರಡು ನಿಮಿಷದ ಕೆಲಸ. ಗುಂಡಿಯೊಳಗೆ ಕೆಂಪು ಸ್ವಿಚ್ ಇದೆ, ಅದನ್ನು ತಿರುಗಿಸಿದ್ದರೂ ಲಿಫ್ಟ್ ಅಲುಗುತ್ತಿರಲಿಲ್ಲ. ಹಟದ ಭರದಲ್ಲಿ ಅದನ್ನೂ ತಿರುಗಿಸಲಿಲ್ಲ. ಫೋನ್ ಜೇಬಿಗೆ ಹಾಕಿ ಇಳಿದೆ.

ನಿನ್ನ ಹೆಸರಿನ ಮೇಲೆ ಹೋಗಿ ಹಿಂದೆ ಬಂದ ಆ ಬೆರಳು ಈಗ ಇಲ್ಲ.

ದೂರಿನ ಹಾಳೆಯನ್ನು ಹರಿಯುವುದಕ್ಕೆ ಎರಡು ಕೈ ಬೇಕು. ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ.

ಗುಂಡಿಯವನು


ಜೂನ್ ೧೪

ಭಾವ,

ವಿಚಾರಣೆ ಮುಗಿದ ಮೇಲೆ ನಿಮ್ಮ ಹತ್ತಿರ ಬರೋಣ ಎಂದಿದ್ದೆ. ನೇರ ಮನೆಗೆ ಹೋದೆ. ಆದ್ದರಿಂದ ಇದು.

ವಿಚಾರಣೆಯ ಹಾಲ್‌ನಲ್ಲಿ ಎಡಕ್ಕೆ ಅವರ ಸಂಘ, ಬಲಕ್ಕೆ ಇವರ ಸಂಘ, ನಡುವೆ ಕುರ್ಚಿಯ ಸಾಲು ಖಾಲಿ. ಲಿಫ್ಟ್ ಎಂದರೆ ಒಳಗೆ ಕನ್ನಡಿ ಇರುವ ಪೆಟ್ಟಿಗೆ ಎಂದಷ್ಟೇ ಗೊತ್ತಿರುವ ಅರವತ್ತು ಜನ. ಇನ್‌ಸ್ಪೆಕ್ಟರ್ ಕೇಳಿದಾಗ ನೀವು ಎದ್ದು ನಿಂತು, ಫೋನ್ ತೆಗೆದದ್ದು, ವಾಪಸ್ ಇಟ್ಟದ್ದು, ಕೆಂಪು ಸ್ವಿಚ್ ಬಿಟ್ಟದ್ದು, ಎಲ್ಲ ಹೇಳಿದಿರಿ. ಅಧ್ಯಕ್ಷ "ಇವ್ರನ್ನ ಹೆದರ್ಸಿದಾರೆ" ಎಂದು ಕೂಗಿದ. ನೀವು ತಿರುಗಿ ಅಂದದ್ದನ್ನು ಬರೆದಿಡುತ್ತೇನೆ, ಮರೆಯಬಾರದು:

"ಹೌದಪ್ಪ, ಹೆದರ್ಸಿದಾರೆ. ನೀವು ಹೆದರ್ಸಿದೀರಿ, ಅವ್ರೂ ಹೆದರ್ಸಿದಾರೆ. ನನ್ನ ತಂಗಿ ಗಂಡ ಶತ್ರು ಅಂತ ಹೆದರ್ಸಿದೀರಿ. ನಾನೂ ದಡ್ಡನ ಹಾಗೆ ಹೆದರ್ಕೊಂಡೆ. ಯುದ್ಧ ನಿಲ್ಲಲಿ ಅಂತ ಈ ಹಾಲಲ್ಲಿ ಒಬ್ರಾದ್ರೂ ಅಂದ್ರಾ ಇವತ್ತು? ನಾನು ಅಂತೀನಿ. ನಿಲ್ಲಲಿ. ಅಲ್ಲೂ, ಇಲ್ಲೂ."

ಚಪ್ಪಾಳೆ ಯಾರೂ ತಟ್ಟಲಿಲ್ಲ. ಎರಡೂ ಕಡೆಯವರು ಗೊಣಗುತ್ತ ಎದ್ದು ಹೋದರು. ಮೊದಲ ಸಲ ಅವರೆಲ್ಲ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೋದದ್ದನ್ನು ನೋಡಿದೆ.

ತೀರ್ಪು ನಿಮಗೆ ಗೊತ್ತೇ ಇದೆ. ಆರು ತಿಂಗಳು ನಾನು ಮೇನ್ ಸ್ವಿಚ್ ಮುಟ್ಟುವಂತಿಲ್ಲ. ಕಡಿಮೆಯೇ ಆಯಿತು. ಗುಂಡಿಯ ಕೆಲಸ ಮಾಡಬಹುದು, ಮೇಲೆ ಲೈಸೆನ್ಸ್ ಇರುವ ಬೇರೆಯವರು ನಿಂತರೆ. ಯಾರು ನಿಲ್ಲುತ್ತಾರೆ ಎಂದು ಕೇಳುವ ಮುಖ ನನಗಿಲ್ಲ.

ನಿಮ್ಮವನು


ಆಗಸ್ಟ್ ೩೦

ನಿನಗೆ,

ಮುಖ ಇಲ್ಲದಿದ್ದರೆ ಕಾಗದದಲ್ಲಿ ಕೇಳಬಹುದಿತ್ತು. ಕಾಗದಕ್ಕೆ ಮುಖ ಬೇಕಾಗಿಲ್ಲ. ಎರಡೂವರೆ ತಿಂಗಳು ಕಾದೆ, ನೀನು ಕೇಳಲಿಲ್ಲ. ತಂಗಿಯನ್ನು ಮಧ್ಯೆ ತರುವಂತಿಲ್ಲ, ಅವಳು ಕಾರ್ಬನ್ ಹಾಳೆ ತೆಗೆಯುತ್ತಾಳೆ.

ಡಾಕ್ಟರು ನನ್ನನ್ನು ಕೆಲಸಕ್ಕೆ ಬಿಟ್ಟಿದ್ದಾರೆ. ಗುಂಡಿಗೆ ಇಳಿಯುವ ಹಾಗಿಲ್ಲ, ಏಣಿ ಹಿಡಿಯಲು ಬರುವುದಿಲ್ಲ. ಸ್ವಿಚ್ ಹಾಕಲು ಎಡಗೈ ಸಾಕು. ಆಫೀಸಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಸೋಮವಾರ ಎಂಟೂವರೆಗೆ ಮೂರನೇ ಕಟ್ಟಡ. ಹೌದು, ಅದೇ ಗುಂಡಿ. ಬೇರೆ ಕಟ್ಟಡದಿಂದ ಶುರು ಮಾಡಿದರೆ ಅದನ್ನು ನೋಡಲು ಇಬ್ಬರಿಗೂ ಇನ್ನೊಂದು ವರ್ಷ ಹಿಡಿಯುತ್ತದೆ.

ಅಲ್ಲಿ ಕೊನೆಗೂ ಮಾತುಕತೆಗೆ ಕೂತಿದ್ದಾರಂತೆ. ಒಂದೇ ಕೋಣೆಯಲ್ಲಲ್ಲ, ಅಕ್ಕಪಕ್ಕದ ಎರಡು ಕೋಣೆ, ನಡುವೆ ಒಬ್ಬ ಚೀಟಿ ಹಿಡಿದು ಓಡಾಡುತ್ತಾನಂತೆ. ಇದನ್ನು ಓದಿ ನನಗೆ ಮೈ ಉರಿಯಿತು. ಮೊಳೆಗೆ ಕೀಲಿ ಹಾಕುವ ಕೆಲಸವೇ ಅದು! ಅಷ್ಟು ಜನ ಸತ್ತ ಮೇಲೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ. ಆದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ ಪೇಪರಿನಲ್ಲಿ ಮೊದಲು ಅದನ್ನೇ ಹುಡುಕುತ್ತೇನೆ, ಮುರಿದುಬಿತ್ತೋ ಇಲ್ಲವೋ ಎಂದು. ಇವತ್ತಿನವರೆಗೆ ಮುರಿದಿಲ್ಲ.

ನನ್ನ ಅಭಿಪ್ರಾಯ ಬದಲಾಗಿಲ್ಲ, ತಿಳಿದಿರಲಿ. ಶುರು ಮಾಡಿದ್ದು ಕಡಲಿನವರೇ. ನೀನು ಅಲ್ಲ ಅನ್ನುತ್ತೀಯ. ಸರಿ, ಜಗಳವಾಡೋಣ. ಆದರೆ ಎಂಟು ಮಹಡಿ ಹತ್ತಿ ಬಂದು, ನನ್ನ ಎದುರು ನಿಂತು ಆಡು. ಏದುಸಿರು ಬಿಡುತ್ತ ವಾದ ಮಾಡುವುದು ಎಷ್ಟು ಕಷ್ಟ ಎಂದು ನಿನಗೂ ಗೊತ್ತಾಗಲಿ. ನೀನು ಮುಗಿಸುವ ತನಕ ನಾನು ಬಾಯಿ ಹಾಕುವುದಿಲ್ಲ. ಇದು ಮಾತ್ರ ನನಗೆ ಹೊಸದು, ಒಂದೆರಡು ಸಲ ತಪ್ಪಿದರೆ ನೆನಪಿಸು.

ಆರೂ ಕಟ್ಟಡದ ಮೊಳೆಗಳನ್ನು ನಿನ್ನೆ ಕಿತ್ತೆ. ಎಡಗೈಯಲ್ಲಿ ಇಕ್ಕಳ ಹಿಡಿದು ಕೀಳಲು ಅರ್ಧ ದಿನ ಬೇಕಾಯಿತು. ಸೊಟ್ಟಗಿದ್ದದ್ದೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು.

ಕೀಲಿ ನಿನ್ನ ಜೇಬಿನಲ್ಲಿರಲಿ. ಕೆಂಪು ಸ್ವಿಚ್ ತಿರುಗಿಸಿಯೇ ಇಳಿ. ಟಾರ್ಚ್ ಮರೆತರೆ ಕೂಗು, ಫೋನ್ ಮಾಡು, ಏನಾದರೂ ಮಾಡು, ಹೇಳದೆ ಇಳಿಯಬೇಡ. ಮೇಲೆ ಬಂದಾಗ ನಾನು "ಗುಂಡೀಲಿ ಯಾರು?" ಎಂದು ಕೇಳುತ್ತೇನೆ. ಉತ್ತರ ಹೊಸದಾಗಿರಬೇಕು, ನನ್ನ ಹಳೇ ಹೆಗ್ಗಣವನ್ನು ಕದಿಯಬೇಡ. ಆಮೇಲೆ ಕೀಲಿಯನ್ನು ನನ್ನ ಕೈಗೇ ಕೊಡು. ನಾನು ಎಡಗೈ ಚಾಚುತ್ತೇನೆ, ಅಗೌರವ ಅಂದುಕೊಳ್ಳಬೇಡ.

ನಿನ್ನ ಭಾವ,
ಸೋಮವಾರದಿಂದ ಮಾಳಿಗೆ ಮೇಸ್ತ್ರಿ